ಕುವೈತಲ್ಲಿ ರೂಲ್ಸ್ ಚೇಂಜ್ ಆಯ್ತಂತೆ ಅಂತ ಮೆಸೇಜ್ ಬಂದ್ರೆ ಏನು ನೋಡ್ಬೇಕು

ನಮ್ ದಾವಣಗೆರೆ ಕಡೆ ಹುಡುಗ್ರು ಕುವೈತಿಗೆ ಹೊರಡೋ ಮುಂಚೆ ಸಂಬಳ ಎಷ್ಟು, ರೂಮ್ ಕೊಡ್ತಾರಾ, ಊಟ ಯಾರ್ದು ಅಂತೆಲ್ಲ ಕೇಳ್ತಾರೆ, ಅಲ್ಲಿ ಅಧಿಕಾರ ಯಾರ ಕೈಲಿದೆ ಅಂತ ಮಾತ್ರ ಯಾರೂ ಕೇಳಲ್ಲ. ನಾನು ಹನ್ನೊಂದು ವರ್ಷ ಅಲ್ಲಿ ಹೌಸ್ ಡ್ರೈವರ್ ಆಗಿದ್ದೆ, ಇದನ್ನ ಮೊದ್ಲೇ ತಿಳ್ಕೊಂಡು ಹೋಗ್ರಿ ಅಂತ ಬರೀತಿದೀನಿ.

ರಾಜನ ದೇಶ ಅಂದ ತಕ್ಷಣ ದುರ್ಗದ ಪಾಳೇಗಾರರ ಕಾಲದ ಹಾಗೆ ಒಬ್ರು ಹೇಳಿದ್ದೇ ಶಾಸನ ಅಂದ್ಕೋಬೇಡಿ. ಬ್ರಿಟಿಷರಿಂದ 1961ರಲ್ಲಿ ಬಿಡುಗಡೆ ಆಯ್ತು, 1962ರಲ್ಲಿ ಸಂವಿಧಾನ ಬಂತು. ಅಮೀರ್, ಅಂದ್ರೆ ಅಲ್ಲಿನ ರಾಜ, ಆಗೋರು ಮುಬಾರಕ್ ಅಲ್ ಸಬಾಹ್ ವಂಶದೋರೇ ಆಗ್ಬೇಕು, ಪ್ರಧಾನಿನ ಅಮೀರೇ ನೇಮಿಸ್ತಾರೆ, ಆದ್ರೆ ಜನ ಆರಿಸೋ 50 ಸದಸ್ಯರ ಮಜ್ಲಿಸ್ ಅಲ್ ಉಮ್ಮಾ ಅಂತ ಸಂಸತ್ತೂ ಇತ್ತು. ಅದು ಬರೀ ತಲೆ ಅಲ್ಲಾಡಿಸೋ ಸಭೆ ಆಗಿರ್ಲಿಲ್ಲ ಕಣ್ರೀ, ಮಂತ್ರಿನ ನಿಲ್ಲಿಸಿ ಪ್ರಶ್ನೆ ಕೇಳೋದಕ್ಕೆ ಇಸ್ತಿಜ್ವಾಬ್ ಅಂತಾರೆ, ನಮ್ಮ ಸವಾಲ್ ಜವಾಬ್‌ನಲ್ಲಿರೋ ಜವಾಬೇ ಅದು, ಎಷ್ಟೋ ಮಂತ್ರಿಗಳು ಆ ಜವಾಬು ಕೊಡೋ ಬದ್ಲು ರಾಜೀನಾಮೆ ಕೊಟ್ಟಿದಾರೆ. 2006ರ ಜನವರಿಲಿ ಹೊಸ ಅಮೀರ್ ಶೇಖ್ ಸಾದ್ ಕಾಯಿಲೆಯಿಂದ ಕೆಲಸ ಮಾಡೋ ಸ್ಥಿತೀಲಿಲ್ಲ ಅಂತ ಅವರನ್ನ ಇಳಿಸೋಕೆ ಓಟು ಹಾಕಿದ್ದೂ ಇದೇ ಮಜ್ಲಿಸ್. ಹೆಂಗಸ್ರಿಗೆ ಓಟು ಬಂದಿದ್ದು 2005ರಲ್ಲಿ, 2009ಕ್ಕೆ ನಾಲ್ಕು ಜನ ಹೆಂಗಸ್ರು ಗೆದ್ರು.

ಪಕ್ಷಗಳಿಗೆ ಅಲ್ಲಿ ಕಾನೂನಿನ ಮಾನ್ಯತೆ ಇಲ್ಲ, ಹಾಗಾದ್ರೆ ರಾಜಕೀಯ ಎಲ್ಲಿ ನಡೀತಿತ್ತು ಅಂದ್ರೆ ದಿವಾನಿಯಾದಲ್ಲಿ, ಅಂದ್ರೆ ಗಂಡಸ್ರು ಸೇರಿ ಮಾತಾಡೋ ಮನೆ ಬೈಠಕ್ಕಲ್ಲಿ. ನಮ್ಮ ಊರ ಅರಳಿಕಟ್ಟೆನ ಮನೆ ಒಳಗೆ ತಂದಂಗೆ. ನಮ್ಮ ಬಾಬಾನ, ಅಂದ್ರೆ ನಾನಿದ್ದ ಮನೆ ಯಜಮಾನ್ರನ್ನ, ಕರ್ಕೊಂಡು ಹೋದಾಗ ನಾನು ಬಾಗಿಲ ಹತ್ರ ಕೂರ್ತಿದ್ದೆ, ಹೊರಗೆ ಚಪ್ಪಲಿ ರಾಶಿ, ಒಳಗೆ ಗೋಡೆ ಉದ್ದಕ್ಕೂ ಮೆತ್ತೆ, ಹುಡುಗ ಎಡಗೈಲಿ ಗಹ್ವಾ (ಅರಬ್ಬರ ಕಾಫಿ) ಹೂಜಿ ಹಿಡ್ಕೊಂಡು ಬಲಗೈಲಿ ಪುಟ್ಟ ಕಪ್ಪು ಕೊಡ್ತಾ ಬರ್ತಾನೆ, ಸಾಕು ಅನ್ನೋಕೆ ಕಪ್ಪನ್ನ ಸ್ವಲ್ಪ ಅಲ್ಲಾಡಿಸಿ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಸುರೀತಾನೇ ಇರ್ತಾನೆ. ಎಲೆಕ್ಷನ್ ಟೈಮಲ್ಲಿ ಅಭ್ಯರ್ಥಿಗಳು ಒಂದೇ ರಾತ್ರಿಗೆ ಐದಾರು ದಿವಾನಿಯಾ ಸುತ್ತೋದನ್ನ ಕಣ್ಣಾರೆ ನೋಡಿದೀನಿ. ನಮ್ಮಂಥೋರಿಗೆ ಅಲ್ಲಿ ಓಟಿಲ್ಲ, ಜನಸಂಖ್ಯೆಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಹೊರಗಿನೋರೇ ಆದ್ರೂ ಸಹ. ಊರಲ್ಲಿ ಎಂಎಲ್ಎ ಹತ್ರ ಲೆಟರ್ ತಂದಂಗೆ ಅಲ್ಲಿ ನಡಿಯಲ್ಲ.

ಈಗಿನ ವಿಷ್ಯ ಬೇರೆ. 2024ರ ಮೇ 10ಕ್ಕೆ ಅಮೀರ್ ಶೇಖ್ ಮಿಶಾಲ್ ಮಜ್ಲಿಸ್ ವಿಸರ್ಜನೆ ಮಾಡಿ ಸಂವಿಧಾನದ ಕೆಲವು ವಿಧಿಗಳನ್ನ ನಾಲ್ಕು ವರ್ಷ ಮೀರದ ಹಾಗೆ ತಡೆಹಿಡಿದ್ರು. 1976ರಲ್ಲೂ 1986ರಲ್ಲೂ ಹಿಂಗೇ ಆಗಿತ್ತು. ಅವತ್ತಿಂದ ಕಾನೂನು ಬರೋದು ಅಮೀರ್ ಆದೇಶದ ಮೇಲೆ, ಚರ್ಚೆ ಆಗಿ ತಿಂಗಳುಗಟ್ಟಲೆ ಎಳಿಯೋ ಮಾತಿಲ್ಲ, ಬೇಗ ಬರುತ್ತೆ, ಅದಕ್ಕೇ ಈಗ ಜಾಸ್ತಿ ಹುಷಾರಾಗಿರ್ಬೇಕು.

ಮೆಸೇಜ್ ಬಂತಾ, ಮೊದ್ಲು ಅದು ಮರ್ಸೂಮಾ ಕರಾರಾ ನೋಡಿ. ಮರ್ಸೂಮ್ ಅಂದ್ರೆ ಅಮೀರ್ ಆದೇಶ, ಕರಾರ್ ಅಂದ್ರೆ ಮಂತ್ರಿ ಅಥವಾ ಇಲಾಖೆ ತೀರ್ಮಾನ, ನಮ್ಮ ಕರಾರು ಪತ್ರದ ಕರಾರು ಅನ್ನೋ ಪದಾನೇ. ಎರಡಕ್ಕೂ ನಂಬರ್ ಮತ್ತೆ ವರ್ಷ ಇರುತ್ತೆ, ಇಲ್ಲ ಅಂದ್ರೆ ಅದನ್ನ ನಂಬಿ ಟಿಕೆಟ್ ಬುಕ್ ಮಾಡ್ಬೇಡಿ. ಆಮೇಲೆ ಅದು ಕುವೈತ್ ಅಲ್ ಯೌಮ್ ಅನ್ನೋ ಸರ್ಕಾರಿ ಗೆಜೆಟ್‌ನಲ್ಲಿ ಬಂದಿದ್ಯಾ, ಯಾವತ್ತಿಂದ ಜಾರಿ ಅಂತ ನೋಡಿ. ಗೆಜೆಟ್ ಸಾಮಾನ್ಯವಾಗಿ ಭಾನುವಾರ ಬರುತ್ತೆ. ವಿದೇಶಿಯರ ವಾಸದ ಬಗ್ಗೆ 1959ರಿಂದ ಇದ್ದ ಹಳೇ ಕಾನೂನು ಹೋಗಿ 2024ರ 114ನೇ ನಂಬರಿಂದು ಬಂತಲ್ಲ, ಅದು ಜಾರಿಯಾಗಿದ್ದು 2025ರ ಜನವರಿಲಿ. ಡ್ರೈವರ್‌ಗಳು 2025ರ 5ನೇ ನಂಬರ್ ಟ್ರಾಫಿಕ್ ಕಾನೂನು ನೆನಪಿಟ್ಕೊಳ್ಳಿ, ಅದು ಏಪ್ರಿಲ್ 22ರಿಂದ ಜಾರಿ, ಗಾಡಿ ಓಡಿಸ್ತಾ ಫೋನ್ ಹಿಡಿದ್ರೆ 75 ದಿನಾರ್.

ಕೊನೆಗೆ ಆ ಆದೇಶ ನಿಮ್ಮ ವೀಸಾ ನಂಬರಿಗೆ ತಾಗುತ್ತಾ ನೋಡಿ, ಇದೇ ಮುಖ್ಯ. 18 ಅಂದ್ರೆ ಕಂಪನಿ ಕೆಲಸ, 20 ಅಂದ್ರೆ ಮನೆಗೆಲಸ. ನಮ್ಮಕ್ಕನ ಮಗನಿಗೆ ಒಬ್ಬ ಏಜೆಂಟ್ ಅಂಗಡಿ ಕೆಲಸ ಅಂತ ಹೇಳಿ 20 ನಂಬರ್ ವೀಸಾ ಕೊಟ್ಟಿದ್ದ, ಆ ವೀಸಾದಲ್ಲಿ ಅಂಗಡೀಲಿ ನಿಂತ್ರೆ ಸಿಕ್ಕಾಕ್ಕೊಂಡ ದಿನ ವಾಪಸ್ ಕಳಿಸ್ತಾರೆ, ಪಾಪ ಹುಡುಗ ಒಂದು ವರ್ಷ ಪೊಲೀಸ್ ಗಾಡಿ ಕಂಡ್ರೆ ಹಿಂದಿನ ಬಾಗಿಲಿಂದ ಓಡ್ತಿದ್ದ. 2024ರ ಜುಲೈಯಿಂದ ಸೆಪ್ಟೆಂಬರ್ ವರೆಗೆ 20ರಿಂದ 18ಕ್ಕೆ ಬದಲಾಯಿಸ್ಕೊಳ್ಳೋಕೆ ಬಿಟ್ಟಿದ್ರು, ನಾನು ಇಲ್ಲಿಂದ ಫೋನ್ ಮಾಡಿ ಮಾಡಿ ಕಫೀಲ್ (ವೀಸಾ ಯಾರ ಹೆಸರಲ್ಲಿದ್ಯೋ ಆ ಮಾಲೀಕ) ಹತ್ರ ಕಳಿಸ್ದೆ, ಸೆಪ್ಟೆಂಬರ್ ಮೊದಲ ವಾರ ಅವನ ಹೊಸ ಇಖಾಮಾ (ಅಲ್ಲಿ ವಾಸ ಮಾಡೋ ಪರ್ಮಿಟ್) ಫೋಟೋ ಬಂತು, 18 ಅಂತಿತ್ತು, ಅಕ್ಕ ಅದನ್ನ ಪ್ರಿಂಟ್ ತೆಗೆಸಿ ದೇವರ ಗೂಡಲ್ಲಿ ಇಟ್ಟಿದಾಳೆ.