ರೇಡ್ ಡಿಸ್ಕ್‌ಗಳನ್ನು ಕಮಾಂಡ್ ಲೈನ್‌ನಲ್ಲೇ ಜೋಡಿಸುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಈಚೆಗೆ ಸರ್ವರ್ ಕೂರಿಸಿದೆವು. ಮದುವೆ ಸೀಸನ್ ಬಂದರೆ ಅಲ್ಲಿ ದಿನವೂ ರಾಶಿ ರಾಶಿ ವಿಡಿಯೊ. ಡಿಸ್ಕ್ ಕೈಕೊಟ್ಟರೆ ಹೊಸ ಡಿಸ್ಕ್ ತರಬಹುದು, ಧಾರೆ ಎರೆದ ಗಳಿಗೆಯನ್ನು ಎಲ್ಲಿಂದ ತರೋದು? ಅದಕ್ಕೇ 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೇಡ್ ಕಾರ್ಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ಕಾರ್ಡ್) ಜೋಡಿಸಿ, ಒಂದೇ ವರ್ಚುವಲ್ ಡ್ರೈವ್, ಅಂದರೆ ಒಂದೇ ಡಿಸ್ಕ್‌ನಂತೆ ಕಾಣುವ ಗುಂಪು, ಮಾಡಿದೆವು. ಲಿನಕ್ಸ್ ಬೇರೆ ಎಸ್‌ಎಸ್‌ಡಿಯಲ್ಲಿತ್ತು. ಹಾಗಾಗಿ ಸರ್ವರ್ ನಿಲ್ಲಿಸದೆ ಕೆಲಸ ಮುಗಿಯಿತು.

ಮೆಗಾರೇಡ್ ಕಾರ್ಡ್ ಇದ್ದರೆ ಸ್ಟೋರ್‌ಸಿಎಲ್‌ಐ ಎಂಬ ಟೂಲ್ ಬೇಕು. ಡೆಲ್‌ನ ಪರ್ಕ್ ಕಾರ್ಡ್‌ಗೆ ಪರ್ಕ್‌ಸಿಎಲ್‌ಐ. ಕಮಾಂಡ್‌ಗಳು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಕಮಾಂಡ್‌ಗಳನ್ನು ರೂಟ್ ಯೂಸರ್ (ಪೂರ್ಣ ಅಧಿಕಾರದ ಖಾತೆ) ಆಗಿ ಅಥವಾ ಸುಡೊ ಮೂಲಕ ಕೊಡಬೇಕು.

ಊರು, ಬೀದಿ, ಮನೆ ನಂಬರ್ ಹೇಳಿದ ಹಾಗೆ ಇಲ್ಲೂ ಪ್ರತಿ ಡಿಸ್ಕ್‌ಗೆ ವಿಳಾಸ ಇದೆ. ಸಿ ಅಂದರೆ ಕಂಟ್ರೋಲರ್ (ರೇಡ್ ಕಾರ್ಡ್), ಇ ಅಂದರೆ ಡಿಸ್ಕ್ ಕೂರುವ ಪೆಟ್ಟಿಗೆ, ಎಸ್ ಅಂದರೆ ಸ್ಲಾಟ್, ವಿ ಅಂದರೆ ವರ್ಚುವಲ್ ಡ್ರೈವ್. ಎಣಿಕೆ ಸಾಮಾನ್ಯವಾಗಿ ಸೊನ್ನೆಯಿಂದ ಶುರು, ಪೆಟ್ಟಿಗೆಗೆ ಮಾತ್ರ ಕಾರ್ಡ್ ತಾನೇ ಒಂದು ನಂಬರ್ ಕೊಡುತ್ತದೆ. ಇದು ಅರ್ಥವಾದರೆ ಅರ್ಧ ಕೆಲಸ ಆದಂತೆ.

ಮೊದಲು ಸುಮ್ನೆ ನೋಡಿ: ‘ಸ್ಟೋರ್‌ಸಿಎಲ್‌ಐ /ಸಿ0 ಶೋ’. ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಸ್ಥಿತಿಯ ಕಾಲಂನಲ್ಲಿ ‘ಯುಗುಡ್’ ಎಂದಿದ್ದರೆ ಆ ಡಿಸ್ಕ್ ಯಾವ ವರ್ಚುವಲ್ ಡ್ರೈವ್‌ಗೂ ಸೇರಿಲ್ಲ, ಬಳಸಬಹುದು. ‘ಓಎನ್‌ಎಲ್‌ಎನ್’ (ಆನ್‌ಲೈನ್) ಎಂದು ತೋರಿಸುವುದು ಈಗಾಗಲೇ ಬಳಕೆಯಲ್ಲಿದೆ, ಅದನ್ನು ಮುಟ್ಟಬೇಡಿ. ಪೆಟ್ಟಿಗೆ ಮತ್ತು ಸ್ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ 252:0ರಿಂದ 252:3.

ಆಮೇಲೆ ಜೋಡಿಸುವುದು (ಇಲ್ಲಿಂದ ಮುಂದಿನ ಕಮಾಂಡ್‌ಗಳ ಮೊದಲೂ ‘ಸ್ಟೋರ್‌ಸಿಎಲ್‌ಐ’ ಸೇರಿಸಿ): ‘/ಸಿ0 ಆ್ಯಡ್ ವಿಡಿ ಟೈಪ್=ರೇಡ್5 ಡ್ರೈವ್ಸ್=252:0-3’. ರೇಡ್ 5ರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ. 16 ಟಿಬಿ ಹಾಕಿದರೆ ಕೈಗೆ ಬರುವುದು 12. ಪರದೆಯಲ್ಲಿ 10.9 ಎಂದು ಕಂಡರೆ ಗಾಬರಿ ಬೇಡ. ಡಿಸ್ಕ್ ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ಕಾರ್ಡ್ 1024ರ ಲೆಕ್ಕ ಹಾಕುತ್ತದೆ, ಅಷ್ಟೇ. ಎರಡು ಡಿಸ್ಕ್ ಹೋದರೂ ಡೇಟಾ ಉಳಿಯಬೇಕು ಎಂದರೆ ರೇಡ್ 6 ಮಾಡಿ, 8 ಟಿಬಿ ಸಿಗುತ್ತದೆ. ನನ್ನನ್ನು ಕೇಳಿದರೆ, ಡಿಸ್ಕ್ ದೊಡ್ಡದಾದಷ್ಟೂ ರೇಡ್ 6 ವಾಸಿ.

ಹೊಸ ಡ್ರೈವ್‌ ಅನ್ನು ಬಳಕೆಗೆ ಸಿದ್ಧ ಮಾಡಲು ‘/ಸಿ0/ವಿ0 ಸ್ಟಾರ್ಟ್ ಇನಿಟ್’ ಕೊಡಿ. ಹಳೆ ಡೇಟಾ ಇರುವ ಡ್ರೈವ್‌ಗೆ ಮಾತ್ರ ಇದನ್ನು ಕೊಡಲೇಬೇಡಿ, ಡೇಟಾ ಹೋಗುತ್ತದೆ. ಮುಂದೆ ಲಿನಕ್ಸ್‌ಗೆ ಇದು ಒಂದು ಸಾಮಾನ್ಯ ಡಿಸ್ಕ್‌ನಂತೆ ಕಾಣುತ್ತದೆ. ಫಾರ್ಮ್ಯಾಟ್ ಮಾಡಿ ಬಳಸಿ.

ಕರೆಂಟ್ ಹೋಗಿ ಬರುವ ನಮ್ಮಂಥ ಊರುಗಳಲ್ಲಿ ಕ್ಯಾಶ್ (ಕಾರ್ಡ್‌ನ ತಾತ್ಕಾಲಿಕ ಮೆಮೊರಿ) ವಿಷಯ ಬಹಳ ಮುಖ್ಯ. ರೈಟ್ ಬ್ಯಾಕ್‌ನಲ್ಲಿ ಕಾರ್ಡ್ ಡೇಟಾವನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ‘ಬರೆದಾಯಿತು’ ಎಂದುಬಿಡುತ್ತದೆ. ವೇಗ ಜಾಸ್ತಿ. ಆದರೆ ಡಿಸ್ಕ್‌ಗೆ ಇಳಿಸುವ ಮುಂಚೆ ಕರೆಂಟ್ ಹೋದರೆ ಆ ಡೇಟಾ ಕಾಯುವುದು ಕಾರ್ಡ್‌ನ ಬ್ಯಾಟರಿ. ಬ್ಯಾಟರಿ ಸತ್ತರೆ ‘ಡಬ್ಲ್ಯುಬಿ’ (ರೈಟ್ ಬ್ಯಾಕ್)ಯಲ್ಲಿರುವ ಕಾರ್ಡ್ ತಾನಾಗಿಯೇ ನಿಧಾನದ ರೈಟ್ ಥ್ರೂಗೆ (‘ಡಬ್ಲ್ಯುಟಿ’, ಡಿಸ್ಕ್‌ಗೆ ಬರೆದ ಮೇಲೆಯೇ ‘ಬರೆದಾಯಿತು’ ಎನ್ನುವುದು) ಇಳಿಯುತ್ತದೆ. ‘ಎಡಬ್ಲ್ಯುಬಿ’ (ಸದಾ ರೈಟ್ ಬ್ಯಾಕ್) ಹಾಕಿದ್ದರೆ ಇಳಿಯುವುದಿಲ್ಲ. ವೇಗದ ಆಸೆಗೆ ಅದನ್ನು ಹಾಕಬೇಡಿ. ಬ್ಯಾಟರಿ ನೋಡಲು ‘/ಸಿ0/ಬಿಬಿಯು ಶೋ’, ಕೆಪಾಸಿಟರ್ ಇರುವ ಕಾರ್ಡ್‌ನಲ್ಲಿ ‘/ಸಿ0/ಸಿವಿ ಶೋ’. ಸಂಶಯ ಇದ್ದರೆ ‘/ಸಿ0/ವಿ0 ಸೆಟ್ ಡಬ್ಲ್ಯುಆರ್‌ಕ್ಯಾಶ್=ಡಬ್ಲ್ಯುಟಿ’ ಕೊಟ್ಟು ನಿಶ್ಚಿಂತೆಯಾಗಿರಿ.

ಡ್ರೈವ್ ತೆಗೆದುಹಾಕಲು ‘/ಸಿ0/ವಿ0 ಡೆಲ್’. ಅದರೊಳಗೆ ಆಪರೇಟಿಂಗ್ ಸಿಸ್ಟಂ ಕಂಡರೆ ಟೂಲ್ ಒಪ್ಪುವುದಿಲ್ಲ. ಆಗ ಕೊನೆಗೆ ‘ಫೋರ್ಸ್’ ಸೇರಿಸಿದರೆ ಆಗುತ್ತದೆ ಎಂದು ಯಾರೋ ಹೇಳುತ್ತಾರೆ. ಆಗುತ್ತದೆ ನಿಜ. ಆದರೆ ಟೂಲ್ ಬೇಡ ಎಂದಾಗ ಕೀಬೋರ್ಡ್‌ನಿಂದ ಕೈ ತೆಗೆಯಿರಿ. ವಿ0 ಬದಲು ವಿ1 ಆಗಬೇಕಿತ್ತಾ ಎಂದು ಇನ್ನೊಮ್ಮೆ ಪಟ್ಟಿ ನೋಡಿ.

ಡಿಸ್ಕ್ ಕೆಟ್ಟಾಗಲೂ ಇದೇ ಎಚ್ಚರ ಬೇಕು. ವರ್ಚುವಲ್ ಡ್ರೈವ್ ಎದುರು ‘ಡಿಜಿಆರ್‌ಡಿ’ ಎಂದಿದ್ದರೆ, ರೇಡ್ 5ರಲ್ಲಿ, ಒಂದು ಡಿಸ್ಕ್ ಹೋಗಿದೆ, ಡೇಟಾ ಇನ್ನೂ ಇದೆ ಎಂದರ್ಥ. ಹಿಂದೆ ಒಂದು ಕಡೆ ಇಂಥ ಹೊತ್ತಿನಲ್ಲೇ ಅವಸರಕ್ಕೆ ಪಕ್ಕದ ಒಳ್ಳೆ ಡಿಸ್ಕ್ ಎಳೆದುಬಿಟ್ಟಿದ್ದರು. ಇಡೀ ಡ್ರೈವ್ ಆಫ್‌ಲೈನ್ ಆಯಿತು. ಅದನ್ನು ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಮೊದಲು ‘/ಸಿ0/ಇ252/ಎಸ್2 ಸ್ಟಾರ್ಟ್ ಲೊಕೇಟ್’ ಕೊಡುತ್ತೇನೆ. ಆ ಡಿಸ್ಕ್‌ನ ಟ್ರೇ ಮೇಲಿನ ದೀಪ ಮಿಣಮಿಣ ಎನ್ನುತ್ತದೆ. ಡಿಸ್ಕ್ ಪೂರ್ತಿ ಸತ್ತಿದ್ದರೆ ದೀಪ ಹೊತ್ತದಿರಬಹುದು. ಆಗ ಉಳಿದ ಒಳ್ಳೆಯವಕ್ಕೆ ಒಂದೊಂದಾಗಿ ಕೊಟ್ಟು, ಯಾವುದು ಮಿನುಗಲಿಲ್ಲ ನೋಡುತ್ತೇನೆ. ಸ್ಟುಡಿಯೊದಲ್ಲಿ ಇದಕ್ಕೇ ಪ್ರತಿ ಟ್ರೇ ಮೇಲೆ ಬಿಳಿ ಟೇಪ್ ಅಂಟಿಸಿ ಸ್ಲಾಟ್ ನಂಬರ್, ಡಿಸ್ಕ್‌ನ ಸೀರಿಯಲ್ ನಂಬರ್ ಬರೆದಿದ್ದೇವೆ.

ಹೊಸ ಡಿಸ್ಕ್ ಹಾಕಿದ ಮೇಲೆ ‘/ಸಿ0/ಇ252/ಎಸ್2 ಶೋ ರೀಬಿಲ್ಡ್’ ಎಂದರೆ, ರೀಬಿಲ್ಡ್ (ಹೋದ ಡಿಸ್ಕ್‌ನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಎಷ್ಟು ಶೇಕಡಾ ಆಗಿದೆ ತಿಳಿಯುತ್ತದೆ. 4 ಟಿಬಿಗೆ ಹಲವು ಗಂಟೆ ಬೇಕು. ಅಷ್ಟು ಹೊತ್ತೂ ಎಡಿಟಿಂಗ್ ನಡೆಸಬಹುದು, ಸ್ವಲ್ಪ ನಿಧಾನ ಅನ್ನಿಸುತ್ತದೆ. ಮುಖ್ಯ ಫೈಲ್‌ಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ಹಾಕಿಕೊಂಡೇ ರೀಬಿಲ್ಡ್‌ಗೆ ಬಿಡಿ. ರೇಡ್ 5ರಲ್ಲಿ ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಹೋದರೆ ಹಿಡಿದು ನಿಲ್ಲಿಸುವವರಿಲ್ಲ.