ಕರಾವಳಿಯ ತೇವದಲ್ಲಿ 1:10 ಮಾದರಿಯಿಂದ ಸಭಾಭವನದ ಧ್ವನಿ ಪರೀಕ್ಷೆ

ಕಾರವಾರವಿರಲಿ, ಘಟ್ಟದ ಮೇಲಿನ ಶಿರಸಿಯಿರಲಿ, ಯಕ್ಷಗಾನಕ್ಕೂ ತಾಳಮದ್ದಲೆಗೂ ಒಂದೇ ಹಾಲ್ ಕಟ್ಟುವುದಾದರೆ ಚಂಡೆಯ ಚಿಂತೆ ಬೇಡ, ಅದು ಹೇಗೂ ಕೇಳುತ್ತದೆ. ಕೊನೇ ಸಾಲಿನವರಿಗೆ ಅರ್ಥಧಾರಿಯ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆಯೇ ಎಂಬುದನ್ನು ಮಾತ್ರ ಗೋಡೆ ಏಳುವ ಮೊದಲೇ ನೋಡಿಕೊಳ್ಳಬೇಕು.

ಅದಕ್ಕೆ ಹಾಲ್‌ನ ಹತ್ತನೇ ಒಂದು ಅಳತೆಯ ಮಾದರಿ ಮಾಡಿ, ಅದರೊಳಗೆ ಸದ್ದು ಹುಟ್ಟಿಸಿ ಅಳೆಯಬಹುದು. 24×15×8 ಮೀಟರ್ ಹಾಲ್ 1:10ರಲ್ಲಿ 2.4×1.5×0.8 ಮೀಟರ್ ಪೆಟ್ಟಿಗೆಯಾಗುತ್ತದೆ. ಅಳತೆ ಹತ್ತು ಪಟ್ಟು ಕುಗ್ಗಿದಾಗ ಸಮಯವೂ ಅಷ್ಟೇ ಕುಗ್ಗುತ್ತದೆ, ಆವರ್ತನ ಹತ್ತು ಪಟ್ಟು ಏರುತ್ತದೆ. ಹಾಲ್‌ನ 4 ಕಿಲೋಹರ್ಟ್ಸ್ ಇಲ್ಲಿ 40.

ಮಾದರಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಮಳೆಗಾಲದಲ್ಲಿ ಅಂಚು ಉಬ್ಬಿ ಸಂದು ಬಿಡುತ್ತದೆ. 18 ಮಿಲಿಮೀಟರ್ ಮರೈನ್ ಪ್ಲೈವುಡ್ ತಂದು, ಅಂಚುಗಳನ್ನೂ ಸೇರಿಸಿ ಮೂರು ಕೋಟ್ ಪಾಲಿಯುರೆಥೇನ್ ವಾರ್ನಿಶ್ ಹೊಡೆಯಿರಿ. ಸಂದುಗಳಿಗೆ ಸಿಲಿಕೋನ್ ತುಂಬಿ, ಒಳಗೊಂದು ಬಲ್ಬ್ ಹಾಕಿ ಕೋಣೆ ಕತ್ತಲು ಮಾಡಿ. ಬೆಳಕು ಸೋರುವಲ್ಲೆಲ್ಲ ಸದ್ದೂ ಸೋರುತ್ತದೆ. ಪ್ರೇಕ್ಷಕರ ಜಾಗಕ್ಕೆ ಫೆಲ್ಟ್ ಅಥವಾ ಫೋಮ್ ಸಾಕು, ಆದರೆ ಅದು ಎಷ್ಟು ಹೀರುತ್ತದೆ ಎಂದು ಚಿಕ್ಕ ಗಟ್ಟಿ ಪೆಟ್ಟಿಗೆಯಲ್ಲಿ ಮೊದಲೇ ಅಳೆದುಕೊಳ್ಳಿ.

ಸದ್ದಿಗೆ ವಿದ್ಯುತ್ ಕಿಡಿ ಬಳಸಿ. ಉಪ್ಪುಗಾಳಿಗೆ ಸಾದಾ ಉಕ್ಕಿನ ಸೂಜಿ ತುಕ್ಕು ಹಿಡಿಯುವುದರಿಂದ ಟಂಗ್‌ಸ್ಟನ್ ಒಳ್ಳೆಯದು. ಹೈವೋಲ್ಟೇಜ್ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಹಾಕಲೇಬಾರದು. ಕಿಡಿಯನ್ನು ವೇದಿಕೆಯ ಮುಂಭಾಗದಲ್ಲೊಮ್ಮೆ, ಭಾಗವತರು ಕೂರುವ ಹಿಂಭಾಗದಲ್ಲೊಮ್ಮೆ ಇಡಿ. ಆಸನಗಳಲ್ಲಿ ಮೈಕ್ 12 ಸೆಂಟಿಮೀಟರ್ ಎತ್ತರದಲ್ಲಿರಲಿ. ಸಾದಾ ಮೈಕ್ 20 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಕಾಲಿಂಚಿನ ಅಳತೆ ಮೈಕ್, 192 ಕಿಲೋಹರ್ಟ್ಸ್ ರೆಕಾರ್ಡಿಂಗ್ ಬೇಕು. ಒಂದು ಕಿಡಿಯಂತೆ ಇನ್ನೊಂದು ಇರುವುದಿಲ್ಲ, ಪ್ರತಿ ಜಾಗದಲ್ಲೂ ಎಂಟು ಹತ್ತು ಸಲ ಹಾರಿಸಿ ಸರಾಸರಿ ತೆಗೆಯಿರಿ.

ಲೆಕ್ಕ ಕೆಡುವುದು ಹೆಚ್ಚಾಗಿ ಗಾಳಿಯಿಂದ. 28 ಡಿಗ್ರಿ, ಶೇ. 85 ತೇವಾಂಶದಲ್ಲಿ 40 ಕಿಲೋಹರ್ಟ್ಸ್ ಸದ್ದು ಮೀಟರಿಗೆ ಸುಮಾರು 1 ಡೆಸಿಬಲ್ ಕಳೆದುಕೊಳ್ಳುತ್ತದೆ. ಹಾಗೆಂದು ಗಾಳಿಯನ್ನು ಅರ್ಧಂಬರ್ಧ ಒಣಗಿಸಿದರೆ ನಷ್ಟ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ: ಶೇ. 50ಕ್ಕೆ ಇಳಿದಾಗ ಅದು ಸುಮಾರು 1.4. ಒಣಗಿಸಿ ಲಾಭ ಸಿಗಬೇಕಾದರೆ ತೇವಾಂಶ ಶೇ. 3ರ ಆಸುಪಾಸಿಗೆ ಇಳಿಯಬೇಕು, ಇಲ್ಲವೇ ನೈಟ್ರೋಜನ್ ತುಂಬಬೇಕು. ನಮ್ಮ ಕಡೆ ಎರಡೂ ದುಬಾರಿ. ತೇವವನ್ನು ಇದ್ದಂತೆಯೇ ಬಿಟ್ಟು, ಪ್ರತಿ ಸುತ್ತಿಗೂ ತಾಪಮಾನ ಮತ್ತು ತೇವಾಂಶ ಬರೆದಿಟ್ಟು ಲೆಕ್ಕದಲ್ಲಿ ಕಳೆಯುವುದೇ ಸರಿ.

ಮಾದರಿಯಲ್ಲಿ 40 ಕಿಲೋಹರ್ಟ್ಸ್‌ಗೆ ಅನುರಣನ ಸಮಯ, ಅಂದರೆ ಸದ್ದು ನಿಂತ ಮೇಲೆ ಅದರ ಗುಂಗು 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯ, 0.08 ಸೆಕೆಂಡ್ ಬಂತೆನ್ನಿ. 60ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 750 ಡೆಸಿಬಲ್ ಇಳಿಕೆ. ಸದ್ದು ಸೆಕೆಂಡಿಗೆ ಸುಮಾರು 347 ಮೀಟರ್ ಓಡುವುದರಿಂದ, ಮೀಟರಿಗೆ 1 ಡೆಸಿಬಲ್‌ನಂತೆ ಗಾಳಿಯ ಪಾಲು ಸುಮಾರು 347. ಅದನ್ನು ಕಳೆದರೆ ಉಳಿಯುವುದು 403, ಸಮಯ ಹತ್ತು ಪಟ್ಟಾಗುವ ಹಾಲ್‌ನಲ್ಲಿ ಅದು 40.3. ಇದಕ್ಕೆ 4 ಕಿಲೋಹರ್ಟ್ಸ್‌ನಲ್ಲಿ ನಿಜವಾದ ಹಾಲ್‌ನ ಗಾಳಿಯ ಪಾಲು ಸುಮಾರು 8 ಸೇರಿಸಿದರೆ 48.3. 60ನ್ನು ಇದರಿಂದ ಭಾಗಿಸಿದರೆ ಹಾಲ್‌ನ ಅನುರಣನ ಸಮಯ 1.24 ಸೆಕೆಂಡ್. ತಿದ್ದದೆ ಬಿಟ್ಟಿದ್ದರೆ 0.8 ಎಂದು ನಂಬಿ, ಹೀರಿಕೆ ಬೇಕಿದ್ದ ಹಾಲನ್ನು ಹಾಗೇ ಕಟ್ಟಿಬಿಡುತ್ತಿದ್ದಿರಿ.

ಪ್ರತಿಧ್ವನಿ ಹುಡುಕಲು ರೆಕಾರ್ಡ್ ಆದ ಸದ್ದಿನ ಗ್ರಾಫ್‌ನಲ್ಲಿ ನೇರ ಸದ್ದಿನಿಂದ 5 ಮಿಲಿಸೆಕೆಂಡ್ ದಾಟಿದ ಮೇಲೆ ಒಂಟಿಯಾಗಿ ಎದ್ದು ನಿಂತ ಮೊನೆಯನ್ನು ನೋಡಿ. ಹಾಲ್‌ನಲ್ಲಿ ಅದು 50 ಮಿಲಿಸೆಕೆಂಡ್, ಸುಮಾರು 17 ಮೀಟರ್ ಹೆಚ್ಚಿನ ದಾರಿ. ಅನುಮಾನವಿರುವ ಗೋಡೆಗೆ ಫೆಲ್ಟ್ ಅಂಟಿಸಿ ಮತ್ತೆ ಕಿಡಿ ಹಾರಿಸಿ. ಮೊನೆ ಕುಗ್ಗಿದರೆ ತಪ್ಪು ಆ ಗೋಡೆಯದೇ. ಒಳಬಾಗಿದ ಹಿಂಗೋಡೆಯಲ್ಲಿ ಹೀಗಾಗುವುದು ಸಾಮಾನ್ಯ.

ತೆಳು ಫಾಲ್ಸ್ ಸೀಲಿಂಗ್ ನಡುಗಿ ಕೆಳಸ್ವರ ಹೀರುವುದನ್ನು ಗಟ್ಟಿ ಪ್ಲೈವುಡ್ ತೋರಿಸುವುದಿಲ್ಲ, ಹಾಗಾಗಿ 125 ಹರ್ಟ್ಸ್‌ನ ಅಂಕಿಯನ್ನು ನಂಬಿಕೊಂಡು ಕೂರಬೇಡಿ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೂ ಬೇರೆಯೇ ಲೆಕ್ಕ ಮಾಡಬೇಕು.