ತರಗತಿಯಲ್ಲಿ ನಿಯಂತ್ರಿತ ಪ್ರಯೋಗ: ಯೋಜನೆಯಿಂದ ಮೌಲ್ಯಮಾಪನದವರೆಗೆ

ಪಠ್ಯದಲ್ಲಿ ಈಗಾಗಲೇ ಇರುವ ಉತ್ತರವನ್ನು ಮಾಡಿ ತೋರಿಸುವುದು ಪ್ರದರ್ಶನ. ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಇರಿಸಿ, ಆ ಬದಲಾವಣೆಯ ಪರಿಣಾಮವನ್ನು ಅಳೆಯುವುದು ನಿಯಂತ್ರಿತ ಪ್ರಯೋಗ. ಎರಡನೆಯದನ್ನು ಮಾಡಿಸಬೇಕೆಂದಿರುವ ಶಿಕ್ಷಕರು ಸಾಮಗ್ರಿ ಹೊಂದಿಸುವ ಮೊದಲೇ ಪ್ರಶ್ನೆಯನ್ನು ಬಿಗಿಗೊಳಿಸಿಕೊಳ್ಳಬೇಕು. ದಾರಕ್ಕೆ ಭಾರ ಕಟ್ಟಿ ತೂಗುಬಿಟ್ಟ ಸರಳ ಲೋಲಕವನ್ನೇ ತೆಗೆದುಕೊಳ್ಳೋಣ. ‘ಲೋಲಕದ ಆಂದೋಲನಾವಧಿ (ಒಮ್ಮೆ ಅತ್ತಿತ್ತ ತೂಗಿ ಮರಳಲು ಹಿಡಿಯುವ ಕಾಲ) ಯಾವುದನ್ನು ಅವಲಂಬಿಸಿದೆ?’ ಎಂಬುದು ಒಂದು ತರಗತಿಯ ಅವಧಿಗೆ ತೀರ ವಿಶಾಲವಾದ ಪ್ರಶ್ನೆ. ‘ಉದ್ದ 50 ಸೆಂ.ಮೀ. ಇರುವಾಗ ತೂಗುಹಾಕಿದ ದ್ರವ್ಯರಾಶಿಯನ್ನು ಹೆಚ್ಚಿಸಿದರೆ ಆಂದೋಲನಾವಧಿ ಬದಲಾಗುತ್ತದೆಯೇ?’ ಎಂದು ಕೇಳಿದರೆ ಬದಲಿಸಬೇಕಾದದ್ದು, ಅಳೆಯಬೇಕಾದದ್ದು ಮತ್ತು ಸ್ಥಿರವಾಗಿಡಬೇಕಾದದ್ದು ಮೂರೂ ತಾವಾಗಿಯೇ ಬೇರ್ಪಡುತ್ತವೆ.

ಸ್ಥಿರವಾಗಿಡಬೇಕಾದ ಚರಾಂಶಗಳ, ಅಂದರೆ ಬದಲಾಗಬಲ್ಲ ಅಂಶಗಳ, ಪಟ್ಟಿಯನ್ನು ಬರೆಯುವುದು ಸುಲಭ, ಪಾಲಿಸುವುದು ಕಷ್ಟ. ದ್ರವ್ಯರಾಶಿ ಹೆಚ್ಚಿಸಲು ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ವಾಷರ್‌ನ ಕೆಳಗೆ ಇನ್ನೊಂದನ್ನು ಸರಪಳಿಯಂತೆ ಕಟ್ಟುತ್ತಾರೆ. ಒಂದೊಂದೂ 3 ಸೆಂ.ಮೀ. ಕೆಳಗಿಳಿಯುವಂತೆ ಐದು ವಾಷರ್‌ಗಳನ್ನು ಕಟ್ಟಿದರೆ ಅವುಗಳ ದ್ರವ್ಯರಾಶಿ ಕೇಂದ್ರ (ಒಟ್ಟು ಭಾರದ ನಡುಬಿಂದು) 6 ಸೆಂ.ಮೀ. ಕೆಳಗಿಳಿಯುತ್ತದೆ, ಲೋಲಕದ ಉದ್ದವನ್ನು ತೂಗುಬಿಂದುವಿನಿಂದ ಈ ಕೇಂದ್ರದವರೆಗೆ ಅಳೆಯಬೇಕಾದ್ದರಿಂದ, 50 ಸೆಂ.ಮೀ. ಲೋಲಕ ಯಾರಿಗೂ ತಿಳಿಯದಂತೆ 56 ಸೆಂ.ಮೀ. ಆಗಿಬಿಡುತ್ತದೆ. ಇಪ್ಪತ್ತು ಆಂದೋಲನಗಳ ಕಾಲ ಸುಮಾರು 28.4 ಸೆಕೆಂಡಿನಿಂದ 30 ಸೆಕೆಂಡಿಗೆ ಏರುತ್ತದೆ, ‘ಭಾರ ಹೆಚ್ಚಿದರೆ ಲೋಲಕ ನಿಧಾನವಾಗುತ್ತದೆ’ ಎಂಬ ತಪ್ಪು ತೀರ್ಮಾನ ಅಚ್ಚುಕಟ್ಟಾದ ಕೋಷ್ಟಕದೊಂದಿಗೆ ಸಿದ್ಧವಾಗುತ್ತದೆ. ಎಲ್ಲ ವಾಷರ್‌ಗಳನ್ನೂ ಒಂದೇ ಕೊಕ್ಕೆಗೆ ಸೇರಿಸಿ, ಪ್ರತಿ ಬಾರಿಯೂ ಉದ್ದವನ್ನು ಮರಳಿ ಅಳೆಯುವುದೇ ಇದಕ್ಕೆ ಪರಿಹಾರ. ಬಿಡುವ ಕೋನವನ್ನೂ ಸುಮಾರು 10 ಡಿಗ್ರಿಗೆ ನಿಗದಿಪಡಿಸಿ. 60 ಡಿಗ್ರಿಯಿಂದ ಬಿಟ್ಟರೆ ಆಂದೋಲನಾವಧಿ ಸಣ್ಣ ಕೋನದ ಅವಧಿಗಿಂತ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ.

ಇಂಥ ಅಡಗಿದ ಚರಾಂಶ ಜೀವವಿಜ್ಞಾನದ ಪ್ರಯೋಗಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಾಪಮಾನದ ಪರಿಣಾಮ ನೋಡಲು ಕೆಲವು ಬೀಜಗಳನ್ನು ಫ್ರಿಜ್ಜಿನಲ್ಲೂ ಕೆಲವನ್ನು ಕಿಟಕಿಯ ಬಳಿಯೂ ಇಟ್ಟರೆ ತಾಪಮಾನದೊಡನೆ ಬೆಳಕೂ ಬದಲಾಗಿರುತ್ತದೆ. ಹೊರಗಿನ ಬೀಜಗಳನ್ನೂ ಕತ್ತಲ ಪೆಟ್ಟಿಗೆಯಲ್ಲಿ ಇಡಬೇಕು.

ಅಳತೆಯ ವಿಷಯಕ್ಕೆ ಬಂದರೆ, ಸ್ಟಾಪ್‌ವಾಚ್ ಒತ್ತುವ ಕೈಯಿಂದ ಸುಮಾರು 0.2 ಸೆಕೆಂಡಿನ ವ್ಯತ್ಯಾಸ ಬರಬಹುದು. 1.4 ಸೆಕೆಂಡಿನ ಒಂದೇ ಆಂದೋಲನವನ್ನು ಅಳೆದರೆ ಇದು ಶೇ. 14ರಷ್ಟು ದೋಷ, ಇಪ್ಪತ್ತನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಒಂದು ಆಂದೋಲನಕ್ಕೆ 0.01 ಸೆಕೆಂಡ್ ಮಾತ್ರ. ಎಣಿಕೆಯನ್ನು ‘ಸೊನ್ನೆ’ಯಿಂದ ಆರಂಭಿಸಬೇಕು. ‘ಒಂದು’ ಎನ್ನುತ್ತಲೇ ಗಡಿಯಾರ ಒತ್ತಿದವರು ಇಪ್ಪತ್ತು ಎಂದುಕೊಂಡು ಹತ್ತೊಂಬತ್ತನ್ನೇ ಅಳೆದಿರುತ್ತಾರೆ. ಗಡಿಯಾರ ಹಿಡಿದವರಿಗೆ ಎಷ್ಟು ವಾಷರ್‌ಗಳಿವೆಯೆಂಬುದು ಗೊತ್ತಾಗದಂತೆ ಮಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ನಿರೀಕ್ಷೆಯು ಬೆರಳನ್ನು ಪ್ರಭಾವಿಸುತ್ತದೆ. ಪ್ರತಿ ಸ್ಥಿತಿಯಲ್ಲೂ ಕನಿಷ್ಠ ಮೂರು ಬಾರಿ ಅಳೆಯಿರಿ, ಬಂದ ಅಂಕಿಗಳೆಲ್ಲವನ್ನೂ ಬರೆದಿಡಿ. ದಾರ ಜಾರಿತು, ಎಣಿಕೆ ತಪ್ಪಿತು ಎಂಬಂಥ ಕಾರಣವನ್ನು ಆ ಕ್ಷಣದಲ್ಲೇ ದಾಖಲಿಸಿದ್ದರೆ ಮಾತ್ರ ಒಂದು ಅಂಕಿಯನ್ನು ಕೈಬಿಡಬಹುದು.

ಮೌಲ್ಯಮಾಪನದಲ್ಲಿ ಸರಾಸರಿಗಳನ್ನಷ್ಟೇ ಹೋಲಿಸುವುದು ಸಾಲದು. ಒಂದು ವಾಷರ್‌ಗೆ 28.3, 28.5, 28.6 ಸೆಕೆಂಡ್, ಮೂರಕ್ಕೆ 28.4, 28.5, 28.7 ಸೆಕೆಂಡ್ ಬಂದಿತೆನ್ನೋಣ. ಎರಡನೆಯ ಸರಾಸರಿ ಕೂದಲೆಳೆಯಷ್ಟು ಹೆಚ್ಚಿದೆ, ನಿಜ. ಆದರೆ ಒಂದೇ ಸ್ಥಿತಿಯ ಅಳತೆಗಳೇ ತಮ್ಮೊಳಗೆ 0.3 ಸೆಕೆಂಡ್ ಹರಡಿಕೊಂಡಿರುವಾಗ, ಗುಂಪುಗಳ ನಡುವಿನ 0.07 ಸೆಕೆಂಡ್ ವ್ಯತ್ಯಾಸಕ್ಕೆ ಅರ್ಥ ಕಟ್ಟಲಾಗದು. ಇಲ್ಲಿ ಬರೆಯಬೇಕಾದ ತೀರ್ಮಾನ ‘ನಮ್ಮ ಅಳತೆಯ ನಿಖರತೆಯೊಳಗೆ ವ್ಯತ್ಯಾಸ ಕಾಣಲಿಲ್ಲ’ ಎಂಬುದು.

ಅದನ್ನಾದರೂ ನಂಬಬೇಕಾದರೆ, ವ್ಯತ್ಯಾಸವಿದ್ದರೆ ಈ ಸಾಧನ ಹಿಡಿಯುತ್ತಿತ್ತು ಎಂಬುದಕ್ಕೆ ಆಧಾರ ಬೇಕು. ಆದ್ದರಿಂದ ಅದೇ ಕೊಕ್ಕೆ, ಅದೇ ಗಡಿಯಾರ, ಅದೇ ಕೈಗಳಿಂದ 25 ಸೆಂ.ಮೀ. ಮತ್ತು 100 ಸೆಂ.ಮೀ. ಲೋಲಕಗಳನ್ನೂ ಅಳೆಸಿ. ಇಪ್ಪತ್ತು ಆಂದೋಲನಗಳಿಗೆ ಕ್ರಮವಾಗಿ 20 ಮತ್ತು 40 ಸೆಕೆಂಡಿನ ಆಸುಪಾಸು ಬರಬೇಕು. ನನ್ನ ದೃಷ್ಟಿಯಲ್ಲಿ ತರಗತಿಗಳಲ್ಲಿ ಅತಿ ಹೆಚ್ಚು ಕೈಬಿಟ್ಟುಹೋಗುವ ಹಂತ ಇದೇ.

ಅಂಕ ಕೊಡುವಾಗ ಪಠ್ಯದ ಉತ್ತರಕ್ಕೆ ಹತ್ತಿರ ಬಂದವರಿಗೆ ಹೆಚ್ಚು ಕೊಟ್ಟರೆ ಮುಂದಿನ ಬಾರಿ ಅಂಕಿಗಳನ್ನು ತಿದ್ದಿ ಬರೆಯುತ್ತಾರೆ. ಯಾವುದನ್ನು ಹೇಗೆ ಸ್ಥಿರವಾಗಿಟ್ಟರು, ಅಳತೆಯ ಹರಡಿಕೆಯನ್ನು ತೋರಿಸಿದರೇ, ತೀರ್ಮಾನ ದತ್ತಾಂಶವನ್ನು ಮೀರಿ ಹೋಯಿತೆ ಎಂಬುದನ್ನು ನೋಡಿ. ಸರಪಳಿ ಕಟ್ಟಿ ತಪ್ಪು ಉತ್ತರ ಪಡೆದ ಗುಂಪು ತಾನೇ ಉದ್ದವನ್ನು ಮರಳಿ ಅಳೆದು ಕಾರಣವನ್ನು ಪತ್ತೆಹಚ್ಚಿದ್ದರೆ, ಪೂರ್ಣ ಅಂಕಗಳು ಅದಕ್ಕೇ ಸಲ್ಲಬೇಕು.